ನಿಧಾನದ ವಕೀಲರೇ ಬೇಕೆಂದ ಥೆಲ್ಮಾ

ನಮ್ಮ ಥಾರ್ನ್‌ಬೆಕ್ ಊರಿನಲ್ಲಿ ಮನೆ ಮಾರುವ, ಕೊಳ್ಳುವ ಕಾಗದಪತ್ರ ನೋಡಲಿಕ್ಕೆ ಇರುವುದು ಇಬ್ಬರೇ ವಕೀಲರು. ಒಬ್ಬರು ಮಿಸ್ ಹೋಲ್ರಾಯ್ಡ್. ಬೆಳಿಗ್ಗೆ ಏನಾದರೂ ಕೇಳಿದರೆ ಸಂಜೆ ಚಹಾದ ಹೊತ್ತಿಗೆ ಉತ್ತರ ಬಂದಿರುತ್ತದೆ. ಇನ್ನೊಬ್ಬರು ಮಿಸ್ಟರ್ ಸಗ್ಡನ್. ಬಹಳ ಸಂಭಾವಿತರು, ಮೋಸ ವಂಚನೆ ಕಂಡವರಲ್ಲ, ಆದರೆ ಅವರ ಮೇಜಿನ ಮೇಲೆ ಬಿದ್ದ ಕಾಗದಕ್ಕೆ ಅಲ್ಲೇ ಮುಪ್ಪು ಬರುತ್ತದೆ. ಇಬ್ಬರಲ್ಲಿ ಯಾರನ್ನು ಹಿಡಿಯಬೇಕು ಅಂತ ಹಾಲು ಕುಡಿಯುವ ಮಗುವೂ ಹೇಳೀತು. ನನ್ನ ಅಣ್ಣನ ಹೆಂಡತಿ ಥೆಲ್ಮಾ ಕ್ರಾಬ್‌ಟ್ರೀ ಮಾತ್ರ ಹೋಗಿ ಹೋಗಿ ಸಗ್ಡನ್ ಅವರನ್ನು ಹಿಡಿದಳು.

ಅವಳ ಬುದ್ಧಿ ನನಗೆ ಗೊತ್ತಿಲ್ಲದ್ದೇನಲ್ಲ. ಅವಳು ನಮ್ಮ ಮನೆಗೆ ಬಂದ ಲಾಗಾಯ್ತು ನೋಡುತ್ತಿದ್ದೇನೆ. ಎಲ್ಲಿ ಕೆಲಸ ನಿಂತಿದೆಯೋ ಅಲ್ಲಿ ಹೋಗಿ ಕೂರುವುದು ಅವಳ ವಿದ್ಯೆ. ಜಗಳವಿಲ್ಲ, ಕೂಗಾಟವಿಲ್ಲ. ಒಂದು ಫ್ಲಾಸ್ಕ್ ಚಹಾ, ಒಂದು ಹೆಣಿಗೆ ಚೀಲ, ಅಷ್ಟೆ. ಬೀದಿಯಲ್ಲಿ ಗುಂಡಿ ಬಿದ್ದು ಕೌನ್ಸಿಲ್‌ನವರು ತಿರುಗಿ ನೋಡದೆ ಇದ್ದಾಗ, ಗುಂಡಿಯ ಪಕ್ಕಕ್ಕೆ ಅಡಿಗೆಮನೆಯ ಕುರ್ಚಿ ಹಾಕಿಕೊಂಡು ಕಾಲುಚೀಲ ಹೆಣೆಯುತ್ತಾ ಕೂತಳು. ಬಸ್ಸು ಅವಳನ್ನು ಬಳಸಿಕೊಂಡು ಹೋಗಬೇಕಾಯಿತು. ಡ್ರೈವರ್ ಬೈದರೆ, "ಇವತ್ತು ಗಾಳಿ ಚೆನ್ನಾಗಿದೆ ಅಲ್ವೇನಪ್ಪಾ?" ಅಂದಳಂತೆ. ಎರಡನೇ ಕಾಲುಚೀಲ ಮುಗಿಯುವ ಮೊದಲೇ ಟಾರು ಬಂತು. ಇಂಥವಳನ್ನು ಕಟ್ಟಿಕೊಂಡ ನನ್ನ ಅಣ್ಣ ಕ್ಲಿಫರ್ಡ್ ಮಾತಿಗೆ ಬಡವ. ಏನು ಕೇಳಿದರೂ "ಹೂಂ", "ಆಗಲಿ", "ನಿನ್ನಿಷ್ಟ" ಎನ್ನುವ ಆಸಾಮಿ.

ಆ ಚಳಿಗಾಲದಲ್ಲಿ ಕ್ಲಿಫರ್ಡನ ಸೊಂಟದ ಕೀಲು ಕೈಕೊಟ್ಟಿತು. ಆಪರೇಷನ್ ಆಯಿತು, ಆದರೆ ಮೆಟ್ಟಿಲಿನ ಆಸೆ ಬಿಡಿ ಅಂದರು ಡಾಕ್ಟರು. ನಮ್ಮ ಕಡೆಯ ಸಾಲುಮನೆಗಳೋ, ಏಣಿ ನೆಟ್ಟಂತೆ ಕಡಿದಾದ ಮೆಟ್ಟಿಲು. ಮಲಗುವುದು ಮೇಲೆ, ಕೆಳಗಿನ ಕೋಣೆಯಲ್ಲಿ ಮಂಚ ಹಾಕಿದರೆ ಬಾಗಿಲು ತೆಗೆಯಲಾಗದು. ಹಿತ್ತಲಲ್ಲಿ ಹಳೆಯ ಪಾಯಿಖಾನೆ ಉಳಿದಿದ್ದದ್ದು ಪುಣ್ಯ. ಕ್ಲಿಫರ್ಡ್ ಕೆಳಗೆ ಸೋಫಾದ ಮೇಲೆ, ಥೆಲ್ಮಾ ಮೇಲೆ ಹಾಸಿಗೆಯಲ್ಲಿ. ಮದುವೆಯಾದ ಮೇಲೆ ಬೇರೆ ಬೇರೆ ಮಲಗಿದ್ದು ಅದೇ ಮೊದಲು. ಥೆಲ್ಮಾ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೆಟ್ಟಿಲಿಲ್ಲದ ಮನೆ ಹುಡುಕಲು ಹೊರಟಳು.

ಮೊದಲ ಸಲ ಅವಳು ಮೋಸಹೋದಳು. ಮನೆ ದಲ್ಲಾಳಿ ನಯವಾಗಿ ಒಂದು ವಕೀಲರ ಕಂಪನಿಯ ಹೆಸರು ಹೇಳಿದ. ಎಲ್ಲೋ ದೂರದ ದೊಡ್ಡ ಊರಿನದು. ಎಲ್ಲವೂ ಫೋನಿನಲ್ಲೇ. ಮಾಡಿದಾಗಲೆಲ್ಲ ಪಿಟೀಲು ಸಂಗೀತ, ಆಮೇಲೆ ಒಂದೊಂದು ಸಲ ಒಂದೊಂದು ಹುಡುಗಿ, ಮತ್ತೆ ಮೊದಲಿನಿಂದ ಕಥೆ ಹೇಳಬೇಕು. "ಇನ್ನೇನು ಆಗೇಹೋಯ್ತು ಮೇಡಂ" ಅಂತ ಮೂಗಿಗೆ ತುಪ್ಪ ಸವರುತ್ತಲೇ ಇದ್ದರು. ಅಷ್ಟರಲ್ಲಿ ಇವರ ಮನೆ ಕೊಳ್ಳಬೇಕಿದ್ದವನು ಕಾದು ಕಾದು ಬೇರೆ ಮನೆ ಹಿಡಿದ. ಇವರು ಕೊಳ್ಳಬೇಕಿದ್ದ ಮನೆಯೂ ಕೈತಪ್ಪಿತು.

"ಎನಿಡ್, ನಾನು ಎಲ್ಲಿ ಹೋಗಿ ಕೂರ್ಲಿ ಹೇಳು?" ಅಂದಳು ನನ್ನ ಹತ್ತಿರ, ಅಳುವುದೊಂದು ಬಾಕಿ. "ಟೆಲಿಫೋನಿನ ಮೇಲೆ ಕೂರೋಕಾಗುತ್ತಾ?"

ಬೇಸಿಗೆ ಬರುವ ಹೊತ್ತಿಗೆ ಇನ್ನೊಂದು ಮನೆ ಸಿಕ್ಕಿತು. ಚರ್ಚಿನ ಕೆಳಗೆ, ಒಂದೇ ಅಂತಸ್ತು, ಕಿಟಕಿಗೆ ಬಿಸಿಲು. ಅದರ ಮಾಲೀಕ, ಒಬ್ಬ ಮುದುಕ, ಮಗಳ ಮನೆಗೆ ಹೋಗುವವನಿದ್ದ. ಅವನ ಕಡೆಯ ಕಾಗದಪತ್ರವೆಲ್ಲ ಆ ಮಗಳ ಊರಿನ ವಕೀಲರದ್ದು. ಮಗಳು ಖಡಾಖಂಡಿತವಾಗಿ ಹೇಳಿದ್ದಳು: ಎಲೆ ಉದುರುವುದರೊಳಗೆ ಮುಗಿಸಬೇಕು, ಇಲ್ಲವಾದರೆ ಬೇರೆಯವರಿಗೆ. ಊರಲ್ಲಿ ಅಂಥ ಮನೆ ಮತ್ತೆ ಯಾವಾಗ ಮಾರಾಟಕ್ಕೆ ಬರುತ್ತದೋ ದೇವರಿಗೇ ಗೊತ್ತು. ಕ್ಲಿಫರ್ಡನಿಗೂ ವಯಸ್ಸು ನಿಲ್ಲುತ್ತದೆಯೇ? ಈ ಸಲ ತಪ್ಪಿದರೆ ಆ ಸೋಫಾವೇ ಗತಿ.

ಥೆಲ್ಮಾಳ ಮನೆ ನೋಡಲು ಬಂದವಳು ಕರ್ಸ್ಟಿ, ಆಸ್ಪತ್ರೆಯ ನರ್ಸು. ಮನೆ ಹಿಡಿಸಿತು, ಬೆಲೆಯೂ ಕುದುರಿತು. ನಾನೂ ಅಲ್ಲೇ ಇದ್ದೆ. ಥೆಲ್ಮಾ ಅವಳಿಗೆ ಇನ್ನೊಂದು ತುಂಡು ಶುಂಠಿ ಕೇಕು ಬಡಿಸುತ್ತಾ ಕೇಳಿದಳು: "ವಕೀಲರನ್ನ ಗೊತ್ತು ಮಾಡಿದ್ದೀಯೇನಮ್ಮಾ?"

"ಇಲ್ಲ. ಯಾರು ಚೆನ್ನಾಗಿ ಮಾಡ್ತಾರೋ ಗೊತ್ತಿಲ್ಲ."

"ಮಿಸ್ ಹೋಲ್ರಾಯ್ಡ್. ಕಣ್ಮುಚ್ಕೊಂಡು ಹೋಗು. ಏಳು, ನಾನೇ ಕರ್ಕೊಂಡು ಹೋಗ್ತೀನಿ."

ನನಗೆ ಮೈ ಪರಚಿಕೊಳ್ಳುವಂತಾಯಿತು. ಒಂದೇ ಮನೆಯ ಮಾರುವವರಿಗೂ ಕೊಳ್ಳುವವರಿಗೂ ಒಬ್ಬರೇ ವಕೀಲರು ಆಗುವಂತಿಲ್ಲ. ಕರ್ಸ್ಟಿಗೆ ಹೋಲ್ರಾಯ್ಡ್ ಅಂದಮೇಲೆ ಥೆಲ್ಮಾಗೆ ಉಳಿಯುವುದು ಯಾರು? ಅವಳು ವಾಪಸ್ಸು ಬಂದ ಕೂಡಲೇ ಹರಿಹಾಯ್ದೆ.

"ನಿನಗೇನು ತಲೆಗಿಲೆ ಕೆಟ್ಟಿದೆಯಾ? ಕೈಗೆ ಬಂದ ತುತ್ತನ್ನ ಆ ಹುಡುಗಿ ಬಾಯಿಗೆ ಇಟ್ಟು ಬಂದೆಯಲ್ಲೇ! ಇನ್ನು ನಿನಗೆ ಸಗ್ಡನ್ನೇ ಗತಿ!"

"ಹೌದು, ಸಗ್ಡನ್ ಅವರೇ. ನಾಳೆ ಹೋಗ್ತೀನಿ," ಅಂತ ತಟ್ಟೆ ತೊಳೆಯಲು ಹೋದಳು.

"ಕ್ಲಿಫರ್ಡ್, ನೀನಾದ್ರೂ ಹೇಳೋ ಇವಳಿಗೆ!" ಅಂದೆ.

ಕ್ಲಿಫರ್ಡ್ ಸೋಫಾದಿಂದ ತಲೆಯೆತ್ತಿ ಅಡಿಗೆಮನೆಯ ಕಡೆ ಸ್ವಲ್ಪ ಹೊತ್ತು ನೋಡಿದ. "ಅವಳಿಷ್ಟ," ಅಂದು ಮತ್ತೆ ಪೇಪರಿಗೆ ಮುಖ ಕೊಟ್ಟ. ಇವರಿಬ್ಬರ ಸಹವಾಸವೇ ಬೇಡ ಅಂತ ನಾನು ಮನೆಗೆ ಬಂದೆ.

ಸಗ್ಡನ್ ಅವರ ಆಫೀಸು ಮಾಂಸದಂಗಡಿಯ ಮೇಲೆ. ಥೆಲ್ಮಾ ದಿನಾ ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಹೊತ್ತಿಗೆ ಫ್ಲಾಸ್ಕು, ಹೆಣಿಗೆ ಸಮೇತ ಹಾಜರು. ಮೊದಲ ದಿನ ಸಗ್ಡನ್ ಬಹಳ ಮರ್ಯಾದೆಯಿಂದ, "ಮಿಸೆಸ್ ಕ್ರಾಬ್‌ಟ್ರೀ, ತಾವು ಬರೋದು ಬೇಕಿಲ್ಲ. ನಿಮ್ಮ ಕೆಲಸ ನಡೀತಾ ಇದೆ," ಅಂದರಂತೆ.

"ನಡೀಲಿ ಸಾರ್, ನಡೀಲಿ. ಅದು ನಡೆಯೋದನ್ನ ನೋಡ್ತಾ ಕೂತಿರ್ತೀನಿ. ನನಗೆ ಬೇರೆ ಏನು ಕೆಲಸ?"

ಕೂತಳು. ಸೂಜಿಗಳು ಟಿಕ್ಕು ಟಿಕ್ಕು. ಸಗ್ಡನ್ ಒಂದು ಕಾಗದ ತೆಗೆದರು, ಇಟ್ಟರು, ಕನ್ನಡಕ ಒರೆಸಿಕೊಂಡರು. ಟಿಕ್ಕು ಟಿಕ್ಕು. ಕೊನೆಗೆ ಒಂದು ಪತ್ರ ಬರೆದು ಮಿಸ್ ಹೋಲ್ರಾಯ್ಡ್‌ಗೆ ಕಳಿಸಿದರು. ಥೆಲ್ಮಾ ತಕ್ಷಣ ಎದ್ದು, "ಬಹಳ ಉಪಕಾರ ಸಾರ್," ಅಂತ ಹೊರಟೇಬಿಟ್ಟಳು. ಒಂದು ಪತ್ರ ಹೋದರೆ ಈಯಮ್ಮ ಹೋಗುತ್ತಾಳೆ ಎನ್ನುವುದು ಪಾಪ ಆ ಮನುಷ್ಯನಿಗೆ ಆಗ ಅರ್ಥವಾಯಿತು.

ಒಂದು ದಿನ ಬರೆಯಲು ಮನಸ್ಸಿಲ್ಲದೆ ಸಗ್ಡನ್ ಹಿಂದಿನ ಮೆಟ್ಟಿಲಿನಿಂದ ಮೆಲ್ಲಗೆ ಇಳಿದರು. ಆ ಮೆಟ್ಟಿಲು ಬಂದು ಸೇರುವುದು ಮಾಂಸದಂಗಡಿಯ ಒಳಗೆ. ಅಲ್ಲಿ ನೇತುಹಾಕಿದ ಹಂದಿತೊಡೆಯ ಕೆಳಗೆ ಸ್ಟೂಲು ಹಾಕಿಕೊಂಡು ಥೆಲ್ಮಾ ಕೂತಿದ್ದಾಳೆ! ಕಟುಕನೇ ಕೊಟ್ಟ ಸ್ಟೂಲು. "ಇಲ್ಲಿ ತಂಪಾಗಿದೆ ಸಾರ್," ಅಂದಳಂತೆ. ಸಗ್ಡನ್ ಅರ್ಧ ಸೇರು ಸಾಸೇಜು ಕಟ್ಟಿಸಿಕೊಂಡು, ಅದಕ್ಕೇ ಬಂದವರ ಹಾಗೆ, ಮತ್ತೆ ಮೆಟ್ಟಿಲು ಹತ್ತಿದರು.

ಊರೆಲ್ಲ ನಕ್ಕಿತು. ನಾನು ಮಾತ್ರ ನಗಲಿಲ್ಲ. ಸಂತೆಯ ದಿನ ಅವಳನ್ನು ದಾರಿಯಲ್ಲಿ ಅಡ್ಡಹಾಕಿ ಕೇಳಿಯೇಬಿಟ್ಟೆ. "ಈ ಪಾಡು ಯಾಕೆ ಬೇಕಿತ್ತು ನಿನಗೆ? ಹೋಲ್ರಾಯ್ಡ್ ಹಿಡಿದಿದ್ರೆ ಮನೇಲಿ ಕಾಲು ಚಾಚಿ ಕೂರಬಹುದಿತ್ತು."

"ಅಯ್ಯೋ ಪೆದ್ದೀ," ಅಂದಳು. "ಕೆಲಸ ಆಗ್ಬೇಕಾದ್ರೆ ಎರಡು ಕಡೆಯ ವಕೀಲರೂ ಕೆಲಸ ಮಾಡ್ಬೇಕು ತಾನೆ? ನಾನು ಹೋಲ್ರಾಯ್ಡ್ ಹಿಡಿದಿದ್ರೆ ಕರ್ಸ್ಟಿ ಯಾರ ಹತ್ರ ಹೋಗ್ತಿದ್ಲು?"

"ಸಗ್ಡನ್ ಹತ್ರ."

"ಎದುರು ಪಕ್ಷದ ವಕೀಲರು ನನ್ನ ಹತ್ರ ಮಾತೂ ಆಡಲ್ಲ. ನಿಮ್ಮ ವಕೀಲರನ್ನ ಕೇಳಿ ಅಂತ ಬಾಗಿಲಿಂದಲೇ ಆಚೆ ಹಾಕ್ತಾರೆ. ಆಸ್ಪತ್ರೆ ಡ್ಯೂಟಿ ಬಿಟ್ಟು ಆ ಹುಡುಗಿ ಬಂದು ಕೂರ್ತಿದ್ಲಾ? ಹೋಲ್ರಾಯ್ಡ್‌ಗೆ ಯಾರೂ ಬೆನ್ನು ಹತ್ತೋದು ಬೇಡ. ಸಗ್ಡನ್‌ಗೆ ಬೇಕು. ಬೆನ್ನು ಹತ್ತೋಳು ಊರಲ್ಲಿ ನಾನೊಬ್ಳೇ ಇರೋದು. ಅದಕ್ಕೇ ಅವರನ್ನ ನನ್ನ ಪಾಲಿಗೆ ಉಳಿಸ್ಕೊಂಡೆ."

ಇವಳ ತಲೆಯನ್ನು ಪಾರ್ಲಿಮೆಂಟಿನಲ್ಲಿ ಇಡಬೇಕಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಕೊನೆಯದೊಂದು ಕಾಗದ ಕೌನ್ಸಿಲ್‌ನಲ್ಲಿ ಸಿಕ್ಕಿಕೊಂಡಿತು. ಹೊಸ ಮನೆಯ ಚರಂಡಿ ಯಾರ ಸುಪರ್ದಿಯಲ್ಲಿದೆ ಎನ್ನುವುದರ ಬಗ್ಗೆ. ಚರ್ಚಿನ ಮುಂದಿನ ಮರಗಳು ಆಗಲೇ ಹಳದಿ ತಿರುಗಿದ್ದವು, ಮುದುಕನ ಮಗಳು ಎರಡು ಸಲ ಫೋನು ಮಾಡಿ ಗದರಿಸಿದ್ದಳು. ಥೆಲ್ಮಾ ಕೌನ್ಸಿಲ್‌ಗೆ ಹೊರಟು ಹೋದರೆ, ಅಲ್ಲಿನ ಬೆಂಚಿನ ಮೇಲೆ ಆಗಲೇ ಯಾರೋ ಕೂತಿದ್ದಾರೆ. ನೋಡಿದರೆ ಸಗ್ಡನ್! ತೊಡೆಯ ಮೇಲೆ ಫ್ಲಾಸ್ಕು.

"ತಾವು ಮನೆಗೆ ಹೋಗಿ ಮಿಸೆಸ್ ಕ್ರಾಬ್‌ಟ್ರೀ," ಅಂದರಂತೆ, ಕಣ್ಣಲ್ಲಿ ಹುಡುಗಾಟ. "ಹೀಗೆ ಬಂದು ಕೂರೋದು ಬಹಳ ಚೆನ್ನಾಗಿ ಕೆಲಸ ಮಾಡುತ್ತೆ. ಇಷ್ಟು ವರ್ಷ ಯಾರೂ ನನಗೆ ಹೇಳಿಕೊಡ್ಲಿಲ್ಲ."

ಕಾಗದ ಬಂತು. ಸಹಿಗಳಾದವು. ಮುಂದಿನ ಶುಕ್ರವಾರ ಮಧ್ಯಾಹ್ನ ದಲ್ಲಾಳಿಯ ಅಂಗಡಿಯಲ್ಲಿ ಹೊಸ ಮನೆಯ ಬೀಗದಕೈ ಥೆಲ್ಮಾಳ ಕೈಗೆ ಬಿತ್ತು.

ಸಾಮಾನಿನ ಲಾರಿಯಿಂದ ಮೊದಲು ಮಂಚ ಇಳಿಸಲು ಹೇಳಿದ್ದಳು. ಬಿಸಿಲಿನ ಕೋಣೆಯಲ್ಲಿ ಅದನ್ನು ಜೋಡಿಸಿದರು. ನಾನು ದಿಂಬಿಗೆ ಚೀಲ ಹಾಕುತ್ತಿದ್ದೆ. ಕ್ಲಿಫರ್ಡ್ ಕೋಲೂರಿಕೊಂಡು ಬಾಗಿಲವರೆಗೆ ಬಂದು ಅಲ್ಲೇ ನಿಂತ. ಒಳಗೆ ಕಾಲಿಡಲಿಲ್ಲ.

"ನನ್ನ ಕೋಣೆ ಯಾವುದು?" ಅಂದ.

"ನಿನ್ನ ಕೋಣೆ ಅಂದ್ರೆ?" ಅಂದಳು ಥೆಲ್ಮಾ, ಹೊದಿಕೆ ಕೊಡವುತ್ತಾ.

"ಹಿಂದುಗಡೆ ಸಣ್ಣದೊಂದಿದೆಯಲ್ಲ, ಅದೇ ಸಾಕು ನನಗೆ. ಬೇಜಾರೇನಿಲ್ಲ ಕಣೇ." ಕೋಲಿನ ತುದಿ ನೋಡಿಕೊಂಡೇ ಹೇಳಿದ. "ನೀನು ಒಳ್ಳೆ ವಕೀಲರನ್ನ ಬಿಟ್ಟು ಆ ನಿಧಾನದೋರನ್ನ ಹಿಡಿದಾಗಲೇ ನನಗೆ ಗೊತ್ತಾಯ್ತು. ಮಹಡಿ ಮೇಲೆ ಒಬ್ಳೇ ಹಾಯಾಗಿದ್ದಾಳೆ, ಅವಸರ ಇಲ್ಲ ಇವಳಿಗೆ ಅಂತ. ದಿನಾ ಅಲ್ಲಿ ಹೋಗಿ ಕೂರ್ತಿದ್ದದ್ದೂ ನನ್ನ ಮುಖ ನೋಡೋದು ತಪ್ಪಿಸ್ಕೊಳ್ಳೋಕೆ ಅಂದ್ಕೊಂಡೆ. ನನ್ನ ಗೊರಕೇನೂ ಜಾಸ್ತಿ."

ಥೆಲ್ಮಾಳ ಕೈಯಿಂದ ಹೊದಿಕೆ ಜಾರಿತು. ಇಡೀ ಬೇಸಿಗೆ ಆ ಮನುಷ್ಯ ಸೋಫಾದ ಮೇಲೆ ಒಬ್ಬನೇ ಮಲಗಿ ಇದನ್ನೇ ಅಂದುಕೊಂಡಿದ್ದ. ಸಂತೆಯ ದಿನ ನನಗೆ ಹೇಳಿದ ಉಪಾಯವನ್ನು ಅವನಿಗೂ ಹೇಳಬೇಕೆಂದು ಅವಳಿಗೆ ಹೊಳೆದಿರಲೇ ಇಲ್ಲ. ನಾನು ದಿಂಬನ್ನು ಮಂಚದ ಮೇಲಿಟ್ಟೆ.

"ಏ ದಡ್ಡಾ," ಅಂದಳು. ಧ್ವನಿ ಒಡೆದುಹೋಯಿತು. "ನಿನ್ನ ಪಕ್ಕ ಮಲಗೋಕೆ ಅಂತ್ಲೇ ಕಣೋ ನಾನು ಇಷ್ಟೆಲ್ಲಾ ಮಾಡಿದ್ದು. ಬಾ ಇಲ್ಲಿ."

ಅವನು ಬಂದು ಮಂಚದ ಅಂಚಿಗೆ ಕೂತ. ಅವಳೂ ಕೂತು ಅವನ ತೋಳಿಗೆ ಮುಖ ಒತ್ತಿಕೊಂಡಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಮೇಜು ಹೊತ್ತುಕೊಂಡು ನಿಂತಿದ್ದ ಲಾರಿಯವರು, "ಎಷ್ಟು ಹೊತ್ತು ಕಾಯ್ಬೇಕಮ್ಮಾ?" ಅಂದರು.

"ಕೆಳಗಿಟ್ಟು ಕೂತ್ಕೊಳ್ರಪ್ಪಾ," ಅಂದೆ.