ತೊಟ್ಟಿಲಿಗೆ ಇನ್ನೆರಡು ಕೆಜಿ

ಅವನನ್ನು ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಅವನು ಅರವತ್ತೆಂಟು ಕೆಜಿ ಇದ್ದ, ಹೆಸರು ಒಪ್ಪುತ್ತಿತ್ತು. ಮೂರು ವರ್ಷದಲ್ಲಿ ಎಂಬತ್ತೊಂಬತ್ತಾದ. ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಕೆಲಸವೆಂದರೆ ಎತ್ತರದ ಕಟ್ಟಡಗಳ ಗಾಜು ಒರೆಸುವುದು. ಮೇಲಿನ ತಾರಸಿಯಿಂದ ಎರಡು ಉಕ್ಕಿನ ಹಗ್ಗಗಳಲ್ಲಿ ಒಂದು ಉದ್ದನೆಯ ಕಬ್ಬಿಣದ ಬುಟ್ಟಿಯನ್ನು ಇಳಿಬಿಡುತ್ತಾರೆ. ಇಬ್ಬರು ಅದರಲ್ಲಿ ನಿಂತು, ಸೋಪಿನ ನೀರು ಬಳಿದು, ರಬ್ಬರ್ ಪಟ್ಟಿಯಲ್ಲಿ ಎಳೆದು, ಒಂದೊಂದೇ ಮಹಡಿ ಇಳಿಯುತ್ತ ಬರಬೇಕು. ಕಂಪನಿಯ ಕಾಗದಗಳಲ್ಲಿ ಆ ಬುಟ್ಟಿಗೆ ಏನೋ ದೊಡ್ಡ ಹೆಸರಿದೆ. ಕೆಲಸದವರು ತೊಟ್ಟಿಲು ಅನ್ನುತ್ತಾರೆ. ತೊಟ್ಟಿಲಿನ ಅಂಚಿನಲ್ಲಿ ಕೆಂಪು ಬಣ್ಣದಲ್ಲಿ ಬರೆದಿದೆ: ಇಬ್ಬರೂ ಸೇರಿ ನೂರೈವತ್ತು ಕೆಜಿ ಮೀರಕೂಡದು.

ತೊಟ್ಟಿಲಲ್ಲಿ ಕಡ್ಡಿಯ ಜೋಡಿ ಅವನ ಭಾವ, ಅಂದರೆ ಅಕ್ಕನ ಗಂಡ. ಕಡ್ಡಿ ಇರುವುದೂ ಅವರ ಮನೆಯಲ್ಲೇ. ಭಾವ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಮೊದಲ ದಿನ ಹದಿನಾಲ್ಕನೇ ಮಹಡಿಯಲ್ಲಿ ಕಡ್ಡಿ ತೊಟ್ಟಿಲಿನ ಅಂಚು ಬಿಗಿಹಿಡಿದು ಕೆಳಗೆ ನೋಡುತ್ತಿದ್ದಾಗ, "ಕೆಳಗೆ ನೋಡ್ಬೇಡ. ಗಾಜಲ್ಲಿ ನಿನ್ನ ಮುಖ ನೋಡ್ಕೋ. ಅದಕ್ಕಿಂತ ಭಯ ಇನ್ನೇನಿದೆ?" ಅಂದಿದ್ದರು. ಕಡ್ಡಿ ನೋಡಿಕೊಂಡ. ನಿಜ ಅನ್ನಿಸಿತು. ಅಂಚು ಬಿಟ್ಟು ರಬ್ಬರ್ ಪಟ್ಟಿ ಎತ್ತಿಕೊಂಡ. ಅವತ್ತಿನಿಂದ ಭಾವನ ಪಕ್ಕದ ಆ ಎರಡಡಿ ಜಾಗವೇ ತನ್ನ ಜಾಗ ಎಂದು ಅವನು ತಿಳಿದಿದ್ದ.

ಕಂಪನಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಗೋದಾಮಿನ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿ, ಆ ವರ್ಷದ ಜೋಡಿಗಳ ಪಟ್ಟಿ ಬರೆಯುತ್ತಾರೆ. ಕಳೆದ ಸಲ ಭಾವ ಎಪ್ಪತ್ತನಾಲ್ಕು, ಕಡ್ಡಿ ಎಂಬತ್ತೊಂಬತ್ತು. ಮೇಸ್ತ್ರಿ ಕೂಡಿಸಿ ನೋಡಿ, "ಮಗು ಬೆಳೀತಪ್ಪಾ, ತೊಟ್ಟಿಲಿಂದ ಇಳಿಸಿ" ಅಂದ. "ಎಪ್ಪತ್ತಾರಕ್ಕೆ ಬಾ, ಮತ್ತೆ ಹತ್ತಿಸ್ತೀನಿ. ಅಲ್ಲೀವರೆಗೆ ನೆಲದ ಮೇಲೆ ಅಂಬೆಗಾಲಿಡು."

ನೆಲದ ಕೆಲಸವೆಂದರೆ ಬಕೆಟ್ಟಿಗೆ ನೀರು ತುಂಬುವುದು, ತೊಟ್ಟಿಲು ಗಾಳಿಗೆ ಓಲಾಡದಂತೆ ಹಗ್ಗ ಹಿಡಿಯುವುದು, ತಲೆಯ ಮೇಲೆ ಸೋಪು ಬಿತ್ತೆಂದು ಜಗಳಕ್ಕೆ ಬಂದವರಿಂದ ಬೈಸಿಕೊಳ್ಳುವುದು. ಅವನ ಜಾಗಕ್ಕೆ ಅರವತ್ತೈದು ಕೆಜಿಯ ಹೊಸಬನೊಬ್ಬ ಬಂದ. ಎರಡನೇ ದಿನವೇ ಅವನಿಗೆ ರೇಡಿಯೋ ಎಂಬ ಹೆಸರು ಬಿತ್ತು. ಕೆಳಗಿನಿಂದ ನೋಡಿದರೆ ಮಾತಿನ ಭರದಲ್ಲಿ ರೇಡಿಯೋನ ಕೈಗಳು ಆಡುವುದು ಕಾಣುತ್ತಿತ್ತು, ಭಾವನ ತಲೆ ಒಮ್ಮೆಯೂ ಆ ಕಡೆ ತಿರುಗದಿರುವುದೂ ಕಾಣುತ್ತಿತ್ತು. ಕಡ್ಡಿಗೆ ಕರುಳು ಚುರ್ ಅನ್ನುತ್ತಿತ್ತು. ಅದು ಹಸಿವೂ ಇರಬಹುದು.

ಏಕೆಂದರೆ ಅಷ್ಟರಲ್ಲಿ ಅವನು ಪಥ್ಯ ಹಿಡಿದಿದ್ದ. ಅರ್ಧ ತಟ್ಟೆ ಊಟ, ಮೂರು ಸೌತೆಕಾಯಿ, ಸಕ್ಕರೆಯಿಲ್ಲದ ಚಹಾ. ಒಂಬತ್ತು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿದ. ಆಮೇಲೆ ಮುಳ್ಳು ಎಪ್ಪತ್ತೆಂಟಕ್ಕೆ ಬಂದು ಕೂತಿತು. ಜಪ್ಪಯ್ಯ ಅಂದರೂ ಅಲ್ಲಿಂದ ಕದಲಲಿಲ್ಲ. ಸೌತೆಕಾಯಿ ಮೂರರಿಂದ ಎರಡಾಯಿತು. ಬೆಲ್ಟ್ ಬಿಚ್ಚಿ ನಿಂತ. ಕ್ಷೌರ ಮಾಡಿಸಿಕೊಂಡು ಬಂದು ನಿಂತ. ಉಗುರು ಕತ್ತರಿಸಿ ನಿಂತ. ಮುಳ್ಳು ಇದ್ಯಾವುದನ್ನೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಒಂದು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ ಹಗ್ಗ ಹಿಡಿದು ನಿಂತಿದ್ದಾಗ ಕಣ್ಣು ಕತ್ತಲಿಟ್ಟು ಬಕೆಟ್ಟಿನ ಮೇಲೆ ಕೂತುಬಿಟ್ಟ. ಬಕೆಟ್ಟಿನಲ್ಲಿ ನೀರಿತ್ತು. ಮೇಸ್ತ್ರಿ ಅವನನ್ನು ಹಾಗೇ ಕಂಪನಿಯ ನರ್ಸಕ್ಕನ ಹತ್ತಿರ ಕಳಿಸಿದ.

ನರ್ಸಕ್ಕ ಎಲ್ಲ ಕೇಳಿದರು. "ಹದಿನೈದು ದಿನ ಬಿಟ್ಟುಬಿಡಪ್ಪ" ಅಂದರು.

"ಸೌತೆಕಾಯಿನಾ?"

"ಪಥ್ಯಾನ. ಒಂದು ವಿರಾಮ ತಗೋ. ಹೊಟ್ಟೆ ತುಂಬ ತಿನ್ನು, ಹೊಟ್ಟೆ ಬಿರಿಯೋ ಹಾಗೆ ತಿನ್ಬೇಡ. ತೂಕ ಏರಲೂಬಾರದು, ಇಳಿಯಲೂಬಾರದು."

"ಅಕ್ಕಾ, ಇನ್ನು ಎರಡೇ ಕೆಜಿ ಇರೋದು. ತೂಗೋ ದಿನಕ್ಕೆ ಹದಿನಾರೇ ದಿನ. ಈಗ ಬಿಟ್ರೆ ಈ ವರ್ಷಾನೂ ನೆಲಾನೇ ಗತಿ."

"ನೆಲದ ಮೇಲೆ ತಲೆ ತಿರುಗಿದ್ರೆ ಬಕೆಟ್ ಸಿಗುತ್ತೆ. ಹದಿನಾಲ್ಕನೇ ಮಹಡೀಲಿ ಏನು ಸಿಗುತ್ತೆ?"

ಕಡ್ಡಿಯ ಪ್ಯಾಂಟು ಇನ್ನೂ ಒದ್ದೆಯಾಗಿತ್ತು.

ಸಂಜೆ ಮನೆಯಲ್ಲಿ ವಿಷಯ ತಿಳಿಸಿದಾಗ ಅಕ್ಕ, "ಆ ನರ್ಸಮ್ಮನ ಹೊಟ್ಟೆ ತಣ್ಣಗಿರ್ಲಿ" ಎಂದು ತಟ್ಟೆಯ ತಳ ಕಾಣದ ಹಾಗೆ ಅನ್ನ ಬಡಿಸಿದಳು. ಕಡ್ಡಿ ಕದ್ದ ಮಾಲು ತಿನ್ನುವವನಂತೆ ಬಾಗಿಲ ಕಡೆ ನೋಡುತ್ತ ತಿಂದ. ಹತ್ತು ತಿಂಗಳು ಬೇಡ ಅನ್ನುವುದನ್ನೇ ಕಲಿತವನಿಗೆ ಸಾಕು ಅನ್ನುವುದು ಎಲ್ಲಿ ಎಂಬುದೇ ಮರೆತುಹೋಗಿತ್ತು. ಎದುರಿಗೆ ಭಾವ ತಮ್ಮ ತಟ್ಟೆ ಖಾಲಿ ಮಾಡಿ, ಪಾತ್ರೆಗೆ ಸೌಟು ಹಾಕಿದರು. ಸೌಟು ಠಣ್ ಅಂದಿತು.

"ಮುಗೀತು ರೀ" ಅಂದಳು ಅಕ್ಕ.

"ಮುಗೀತಾ?"

"ಇವತ್ತು ನನ್ನ ತಮ್ಮ ತಿಂದ ಅಲ್ವಾ."

ಭಾವ ಪಾತ್ರೆಯೊಳಗೆ ಸ್ವಲ್ಪ ಹೊತ್ತು ನೋಡಿ, ಕೈ ತೊಳೆಯಲು ಎದ್ದರು. ಮರುದಿನವೂ ಹಾಗೇ ಆಯಿತು. ನಾಲ್ಕನೇ ದಿನ ಅವರು ಅಡುಗೆಮನೆಯಲ್ಲಿ ನಿಂತುಕೊಂಡು ಒಣ ಬ್ರೆಡ್ ತಿನ್ನುವುದನ್ನು ಕಡ್ಡಿ ನೋಡಿದ. ಅವರ ಪ್ಯಾಂಟಿನ ಗುಂಡಿ ಇದ್ದ ಜಾಗದಲ್ಲಿ ಬರೀ ದಾರವಿತ್ತು, ಗುಂಡಿ ಅದಕ್ಕಿಂತ ಎರಡು ಬೆರಳು ಆಚೆಗಿತ್ತು.

"ಅಕ್ಕಾ, ಇಷ್ಟು ದಿನ ನಾನು ಬಿಟ್ಟ ಅನ್ನ ಏನಾಗ್ತಿತ್ತು?"

"ಏನಾಗುತ್ತೆ? ಚೆಲ್ಲೋಕಾಗುತ್ತಾ? ನಿಮ್ಮ ಭಾವ ತಿಂತಿದ್ರು."

"ಹತ್ತು ತಿಂಗಳೂ?"

"ಪಾಪ, ಒಂದಿನಾನೂ ಬೇಡ ಅಂದವರಲ್ಲ."

ಮರುದಿನ ಎಲ್ಲರಿಗಿಂತ ಮುಂಚೆ ಕಡ್ಡಿ ಭಾವನನ್ನು ಗೋದಾಮಿಗೆ ಕರೆದೊಯ್ದು ತಕ್ಕಡಿ ತೋರಿಸಿದ. ಭಾವ ಹತ್ತಿ ನಿಂತರು. ಎಂಬತ್ತು.

ಕಡ್ಡಿ ಲೆಕ್ಕ ಹಾಕಿದ. ತಾನು ಉಪವಾಸ ಬಿದ್ದು ಎಪ್ಪತ್ತಾರಕ್ಕೆ ಇಳಿದರೂ ನೂರೈವತ್ತಾರು. ಇಳಿಸಿದ ಹನ್ನೊಂದು ಕೆಜಿಯಲ್ಲಿ ಆರು ಕೆಜಿ ಮನೆ ಬಿಟ್ಟು ಹೋಗಿಯೇ ಇರಲಿಲ್ಲ. ತಟ್ಟೆ ಬದಲಿಸಿತ್ತು, ಅಷ್ಟೇ.

"ಯಾಕೆ ಹೇಳ್ಲಿಲ್ಲ ಭಾವ?"

"ನೀನು ಅಷ್ಟು ಕಷ್ಟಪಡ್ತಿದ್ದೆ. ತಣ್ಣೀರೆರಚೋದು ಬೇಡ ಅನ್ನಿಸ್ತು."

"ಅಕ್ಕಂಗೆ ಸಾಕು ಅನ್ನಬಹುದಿತ್ತಲ್ಲಾ?"

ಭಾವ ತಕ್ಕಡಿಯಿಂದ ಇಳಿದರು. "ಊಟ ಚೆನ್ನಾಗಿರ್ತಿತ್ತು" ಅಂದರು.

ಉಳಿದದ್ದು ಹನ್ನೊಂದು ದಿನ. ಅಷ್ಟರಲ್ಲಿ ಇಬ್ಬರೂ ಸೇರಿ ಎಂಟು ಕೆಜಿ ಇಳಿಸುವ ಉಪಾಯಗಳನ್ನು ಕಡ್ಡಿ ಒಂದು ರಾತ್ರಿ ಊಟವಾದ ಮೇಲೆ ಯೋಚಿಸಿದ. ಅವುಗಳಲ್ಲಿ ಕೈಕಾಲು ಉಳಿಯುವಂಥದ್ದು ಒಂದೂ ಇರಲಿಲ್ಲ. ವಿರಾಮ ಮುಂದುವರಿಸಿದ. ಆರನೇ ದಿನದ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲಿಡುವುದು ನಿಂತಿತು. ಹತ್ತನೇ ದಿನ ಸಾಕು ಅನ್ನುವ ಮಾತು ತಾನಾಗಿ ಬಾಯಿಗೆ ಬಂತು, ಅಕ್ಕ ಸೌಟು ಹಿಂದಕ್ಕೆಳೆದುಕೊಂಡು ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ತೂಗುವ ದಿನ ಮೇಸ್ತ್ರಿ ಪುಸ್ತಕ ತೆರೆದು ಕೂತಿದ್ದ. ಕಡ್ಡಿ ಎಪ್ಪತ್ತೆಂಟು. ಏರಿರಲೂ ಇಲ್ಲ, ಇಳಿದಿರಲೂ ಇಲ್ಲ. ಭಾವ ಎಂಬತ್ತು. ಮೇಸ್ತ್ರಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಏನ್ರಯ್ಯಾ, ಮನೇಲಿ ಅದಲುಬದಲು ಮಾಡ್ಕೊಂಡ್ರಾ? ನೀವಿಬ್ರು ಒಟ್ಟಿಗೆ ಆಗಲ್ಲ. ರೇಡಿಯೋ ಜೊತೆ ಯಾರಾದ್ರೂ ಒಬ್ರು. ಹೋದ ವರ್ಷದ ಥರಾನೇ ಬರೀಲಾ?"

ಕಡ್ಡಿ ತಲೆಯಾಡಿಸಿದ. ಭಾವನ ಜಾಗ ಭಾವನದು. ಬಕೆಟ್ಟು ಎತ್ತಿಕೊಳ್ಳಲು ಆಗಲೇ ಬಗ್ಗಿದ್ದ.

"ಬೇಡ" ಅಂದರು ಭಾವ. "ಇವನನ್ನ ಬರೀರಿ. ನಾನು ನೆಲದಲ್ಲಿರ್ತೀನಿ."

"ಯಾಕೋ ಮಾರಾಯ? ಹನ್ನೆರಡು ವರ್ಷ ಮೇಲಿದ್ದವನು ನೀನು."

"ರೇಡಿಯೋ ಕೇಳಿ ಕೇಳಿ ಸಾಕಾಗಿದೆ."

ಗೋದಾಮಿನಲ್ಲಿದ್ದವರೆಲ್ಲ ನಕ್ಕರು, ರೇಡಿಯೋ ಎಲ್ಲರಿಗಿಂತ ಜೋರಾಗಿ ನಕ್ಕು ಏನೋ ಹೇಳಲು ಶುರುಮಾಡಿದ. ಕಡ್ಡಿಗೆ ನಗು ಬರಲಿಲ್ಲ. "ಭಾವ, ನಾನು ಇಳಿಸಿದ್ದು ಇದಕ್ಕಲ್ಲ" ಅಂದ. "ನಿಮ್ಮ ಪಕ್ಕ ನಿಲ್ಲೋಕೆ."

"ಗೊತ್ತು. ತಿಂದೋನು ನಾನು ತಾನೇ? ಹತ್ತು."

ಕಡ್ಡಿ ಹತ್ತಿದ. ರೇಡಿಯೋ ತನ್ನ ಚಿಕ್ಕಪ್ಪನ ಹಲ್ಲು ಕೀಳಿಸಿದ ಕಥೆ ಶುರುಮಾಡಿದ್ದು ಹದಿನಾಲ್ಕನೇ ಮಹಡಿಯಲ್ಲಿ. ಐದನೇ ಮಹಡಿಗೆ ಬಂದರೂ ಹಲ್ಲು ಬಂದಿರಲಿಲ್ಲ. ಕೆಳಗೆ ಭಾವ ಹಗ್ಗ ಹಿಡಿದು ನಿಂತಿದ್ದರು. ತೊಟ್ಟಿಲು ಒಂದಿಷ್ಟೂ ಓಲಾಡಲಿಲ್ಲ.

ಮಧ್ಯಾಹ್ನ ಭಾವ, ಕಡ್ಡಿ ಇಬ್ಬರೂ ಗೋಡೆಯ ನೆರಳಿನಲ್ಲಿ ಕೂತು ಡಬ್ಬಿ ಬಿಚ್ಚಿದರು.

"ಒಟ್ಟು ಎಂಟು ಕೆಜಿ ಭಾವ. ನಾಲ್ಕು ನನ್ನದು, ನಾಲ್ಕು ನಿಮ್ಮದು. ವರ್ಷ ಪೂರ್ತಿ ಟೈಮಿದೆ. ನನ್ನ ವಿರಾಮ ನಿನ್ನೆಗೆ ಮುಗೀತು. ಇವತ್ತಿಂದ ಒಟ್ಟಿಗೆ ಶುರು ಮಾಡೋಣ."

ಭಾವ ಡಬ್ಬಿಯೊಳಗಿನ ಅನ್ನವನ್ನೇ ನೋಡುತ್ತಿದ್ದರು.

"ಆ ನರ್ಸಕ್ಕನ್ನ ಒಂದು ಮಾತು ಕೇಳ್ಕೊಂಡು ಬರ್ತೀಯಾ?"

"ಏನಂತ?"

"ಮೊದಲು ಹದಿನೈದು ದಿನ ವಿರಾಮ ತಗೊಂಡು, ಪಥ್ಯ ಆಮೇಲೆ ಮಾಡಿದ್ರೆ ನಡೆಯುತ್ತಾ ಅಂತ."