‘ನಾಯಿ ನಡೀತದ’ ಎಂಬ ಬೋರ್ಡು

ಆ ಬೋರ್ಡಿನ ಮಾತು ಮಾಳವ್ವನದಲ್ಲ, ನನ್ನದು. ಆಕೆ ಹೇಳಿದ್ದು ಒಂದು, ನಾನು ಬರೆದದ್ದು ಇನ್ನೊಂದು. ಕೈತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನಾಲ್ಕು ವರ್ಷದಿಂದ ಈ ಸಂಗತಿ ನನ್ನೊಬ್ಬನಿಗೇ ಗೊತ್ತು. ಹೆಂಡತಿಗೂ ಹೇಳಿಲ್ಲ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಮೊದಲು ಕುಂಚ ಹಿಡಿದು ಬೋರ್ಡ್ ಬರೆಯುತ್ತಿದ್ದೆ, ಈಗ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ಜನ ಬಂದು ತಮಗೆ ಬೇಕಾದದ್ದನ್ನು ಬಾಯಲ್ಲಿ ಹೇಳುತ್ತಾರೆ, ಅದನ್ನು ಅಕ್ಷರಕ್ಕೆ ಇಳಿಸುವುದು ನನ್ನ ಕೆಲಸ. ಈ ರಸ್ತೆಯ ಅರ್ಧ ಅಂಗಡಿಗಳು ನನ್ನ ಮಾತನ್ನೇ ಆಡುತ್ತವೆ ಎಂಬ ಜಂಬವೂ ಇತ್ತು. ಇನ್ನೊಂದು ಗುಣ — ಗುಣವೋ ಚಟವೋ — ಏನು ಕಂಡರೂ ಕೆದಕಿ ನೋಡಬೇಕು. ಯಾರ ಮನೆಗೆ ಯಾರು ಬಂದರು, ಯಾವ ಹೋಟೆಲಿನವ ಅಡುಗೆಯವನನ್ನು ಏಕೆ ಬಿಡಿಸಿದ, ಎಲ್ಲ ನನಗೆ ಬೇಕು. ಹೆಂಡತಿ ಇದಕ್ಕಾಗಿ ಬೈಯುತ್ತಾಳೆ. ಬೈಸಿಕೊಂಡು ಮತ್ತೆ ಕೇಳುತ್ತೇನೆ.

ಈ ಕಥೆಗೆ ಮೂಲ ನಮ್ಮ ಬಾದಲ್. ಉದ್ದ ಕಾಲಿನ, ಸಣ್ಣ ಸೊಂಟದ ಮುಧೋಳ ನಾಯಿ. ಅದು ಮರಿ ಇದ್ದಾಗ ಮಗಳು ಹಟ ಮಾಡಿ ತಂದಳು, ಆಮೇಲೆ ಧಾರವಾಡಕ್ಕೆ ಓದಲು ಹೋಗಿ ಹಾಸ್ಟೆಲ್ ಸೇರಿದಳು. ಹೆಂಡತಿ ತಿಕೋಟಾದ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಮನೆಯಲ್ಲಿ ಒಂದೇ ಬಿಟ್ಟರೆ ಬಾದಲ್ ಓಣಿಯೆಲ್ಲ ಕೇಳುವಂತೆ ಅಳುತ್ತಿತ್ತು. ಹಾಗಾಗಿ ದಿನಾ ನನ್ನ ಕೂಡ ಅಂಗಡಿಗೆ, ಮಧ್ಯಾಹ್ನ ನನ್ನ ಕೂಡ ಊಟಕ್ಕೆ.

ಆಗ ನನಗೊಂದು ಹೊಸ ಲೋಕ ಕಂಡಿತು. ಇಪ್ಪತ್ತು ವರ್ಷ ಅದೇ ರಸ್ತೆಯಲ್ಲಿ ಉಂಡಿದ್ದೆ, ಆದರೆ ನಾಯಿಯ ಹಗ್ಗ ಕೈಯಲ್ಲಿ ಹಿಡಿದು ಒಳಗೆ ಹೋಗಿರಲಿಲ್ಲ. ಒಂದು ಶಾಖಾಹಾರಿ ಹೋಟೆಲಿನ ಮಾಲಕ, ನನಗೆ ನಮಸ್ಕಾರ ಮಾಡುವವ, ಬಾದಲ್ಲನ್ನು ಕಂಡೊಡನೆ ಅಲ್ಲಿ ಕಟ್ಟಿ ಬಾ ಅನ್ನುವಂತೆ ಹೊರಗೆ ನಿಂತ ಮೋಟರ್ ಸೈಕಲ್ಲಿನ ಕಡೆ ಬೆರಳು ತೋರಿಸಿದ. ಬೈಪಾಸ್ ಹತ್ತಿರ ಹೊಸದಾಗಿ ತೆರೆದ ಗಾಜಿನ ಬಾಗಿಲಿನ ಕೆಫೆಯವರು ನಾಯಿಗೆ ಸ್ವಾಗತ ಅಂದರು. ಆದರೆ ಬಾದಲ್ಲಿನ ಕೊರಳಿಗೆ ಪಟ್ಟಿಯ ಬದಲು ನೂಲಿನ ಹಗ್ಗ ಇರುವುದನ್ನು ನೋಡಿ, ಇವತ್ತು ಟೇಬಲ್ ಖಾಲಿ ಇಲ್ಲ ಅಂದರು. ಗೋಳಗುಮ್ಮಟದ ಹತ್ತಿರ ಕಬ್ಬಿನ ಹಾಲು ಮಾರುವವನೊಬ್ಬ ಮಾತ್ರ ಏನೂ ಕೇಳದೆ ಬಾದಲ್ಲಿನ ಮುಂದೆ ನಾಲ್ಕು ಬರ್ಫದ ಚೂರು ಹಾಕಿದ. ಎಲ್ಲಿ ಬಿಡುತ್ತಾರೆ, ಎಲ್ಲಿ ಬಿಡುವುದಿಲ್ಲ, ಬಿಡದವರು ಏನು ನೆಪ ಹೇಳುತ್ತಾರೆ — ಇದೇ ನನಗೆ ದಿನಾ ಆಟವಾಯಿತು. ಹಸಿವೆ ಇಲ್ಲದಿದ್ದರೂ ಹೋಗಿ ಕೇಳುತ್ತಿದ್ದೆ.

ಹೀಗೆ ಹುಡುಕುತ್ತ ಮಾಳವ್ವನ ಖಾನಾವಳಿ ಸಿಕ್ಕಿತು. ರಸ್ತೆಯ ಹಿಂದಿನ ಹೊಸ ಬಡಾವಣೆಯಲ್ಲಿ ತಗಡಿನ ಶೆಡ್ಡು, ನಾಲ್ಕು ಟೇಬಲ್ಲು, ಬಿಸಿ ಜೋಳದ ರೊಟ್ಟಿ, ಮಟನ್ ಸಾರು. ಮಾಳವ್ವ ಬಿಜ್ಜರಗಿಯ ಕುರಿ ಕಾಯುವ ಮನೆತನದವಳು. ಗಂಡ ತೀರಿದ ಮೇಲೆ ಒಬ್ಬಳೇ ಬಂದು ಇದನ್ನು ಹಾಕಿದ್ದಳು. ಕೊಯ್ಯುವ ಕುರಿಮರಿಗಳನ್ನು ಊರಿಂದ ಆಕೆಯ ತಮ್ಮ ಕಳಿಸುತ್ತಿದ್ದ. ನಾನು ಬಾಗಿಲಲ್ಲಿ ನಿಂತು, ನಾಯಿ ಇದೆ ಅಂತ ಹೇಳಲು ಬಾಯಿ ತೆರೆಯುವುದರೊಳಗೆ ಆಕೆ ಅದನ್ನೇ ನೋಡುತ್ತ, ಇದಕ್ಕೆ ಖಾರ ಆಗುವುದಿಲ್ಲ ಅಲ್ಲವೇ ಅಂತ ಕೇಳಿದಳು. ಬೇರೆ ಗಂಗಾಳದಲ್ಲಿ ರೊಟ್ಟಿ ಮುರಿದು, ಖಾರ ಹಾಕುವ ಮೊದಲೇ ತೆಗೆದಿಟ್ಟ ಸಾರಿನಲ್ಲಿ ನೆನೆಸಿ ಇಟ್ಟಳು. ನಾನು ನನ್ನ ತಾಟಿನ ಎಲುಬು ಎಸೆಯಲು ಹೋದರೆ ಕೈ ತಡೆದಳು. ಬೆಂದ ಎಲುಬು ಸೀಳಿ ನಾಯಿಯ ಗಂಟಲಿಗೆ ಚುಚ್ಚುತ್ತದೆಯಂತೆ. ನಾಯಿಗಳ ಗಂಗಾಳ ತೊಳೆಯಲು ಹಿಂದೆ ಬೇರೆ ನಳವೇ ಇತ್ತು. ಮನೆದೇವರು ಮೈಲಾರಲಿಂಗ, ಅವನ ಜೊತೆಗಿರುವುದೇ ನಾಯಿ, ಅದಕ್ಕೆ ಹಾಕದೆ ನಾವು ಉಣ್ಣುವುದಿಲ್ಲ ಅಂದಳು.

ಸುದ್ದಿ ಹಬ್ಬಿತು. ಬಡಾವಣೆಯ ನಿವೃತ್ತ ಸೈನಿಕರೊಬ್ಬರು ತಮ್ಮ ಬಿಳಿ ಪಮೇರಿಯನ್ ಎತ್ತಿಕೊಂಡು ಬರತೊಡಗಿದರು. ಬಬಲೇಶ್ವರದಿಂದ ದ್ರಾಕ್ಷಿ ಹೇರಿಕೊಂಡು ಬರುವ ಟೆಂಪೋದವ ತನ್ನ ಕ್ಯಾಬಿನ್ನಿನ ನಾಯಿಯನ್ನೂ ಇಳಿಸಿಕೊಂಡು ಬರುತ್ತಿದ್ದ. ನಾಯಿ ಆಗದ ಕೆಲವರು ಮಾತ್ರ ಒಳಗೆ ಬಂದು ಕೂತು, ನೋಡಿ, ಎದ್ದು ಹೋಗುತ್ತಿದ್ದರು. ಅವರಿಗೆ ಹೊರಗೇ ತಿಳಿಯಲಿ, ಕೂತ ಮೇಲೆ ಮುಜುಗರ ಆಗುವುದು ಬೇಡ ಅಂತ ಮಾಳವ್ವ ನನಗೆ ಬೋರ್ಡ್ ಮಾಡಲು ಹೇಳಿದಳು.

ನಾನು ಕೂಡಲೇ ನನ್ನ ಪಾಂಡಿತ್ಯ ತೆಗೆದೆ. ‘ಶ್ವಾನಪ್ರಿಯರಿಗೆ ಆದರದ ಸ್ವಾಗತ’ ಅಂತ ಬರೆಯೋಣ ಅಂದೆ. ಆಕೆ ರೊಟ್ಟಿ ಬಡಿಯುವುದು ನಿಲ್ಲಿಸಿ, ಈ ಶ್ವಾನ ಅನ್ನುವವ ಯಾರು, ನಿಮ್ಮ ಬೀಗರ ಪೈಕಿಯೇ ಅಂತ ಕೇಳಿದಳು. ನಾಲ್ಕೂ ಟೇಬಲ್ಲಿನವರು ನಕ್ಕರು. ನಾನೂ ನಕ್ಕೆ. ಆಮೇಲೆ ಆಕೆ ಹೇಳಿದ ಮಾತು ಇದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ:

“‘ನಾಯಿ ಜೋಡಿ ಬಂದ್ರ ನಡೀತದ’ — ಇಷ್ಟ ಬರೀರಿ ಅಣ್ಣಾರ. ನಿಮ್ಮ ಶಾಣ್ಯಾತನ ಏನೂ ಹಚ್ಚಬ್ಯಾಡ್ರಿ.”

ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಶಾಣ್ಯಾತನ ಅಂದರೆ ಜಾಣತನ. ಜೋಡಿ ಅಂದರೆ ಜೊತೆಗೆ. ನಡೀತದ ಅಂದರೆ ಅಡ್ಡಿಯಿಲ್ಲ. ಆದರೆ ಊಟದ ವಿಷಯಕ್ಕೂ ಇದೇ ಮಾತು ಬರುತ್ತದೆ. ಬೀಗರು ಬಂದಾಗ, ನಿಮಗ ಮಟನ್ ನಡೀತದೇನ್ರಿ ಅಂತ ಕೇಳುತ್ತೇವೆ. ತಿನ್ನುವವರು ನಡೀತದ ಅನ್ನುತ್ತಾರೆ, ತಿನ್ನದವರು ನಡಿಯಂಗಿಲ್ಲ ಅನ್ನುತ್ತಾರೆ. ಈಗ ಮಟನ್ ಖಾನಾವಳಿಯ ಬೋರ್ಡಿನ ಮೇಲಿಂದ ‘ಜೋಡಿ ಬಂದ್ರ’ ಎಂಬ ಎರಡು ಶಬ್ದ ತೆಗೆದರೆ ಏನು ಉಳಿಯುತ್ತದೆ, ನೀವೇ ಓದಿಕೊಳ್ಳಿ.

ಮರುದಿನ ಅಂಗಡಿಯಲ್ಲಿ ಕೂತು ನಾನು ಆ ಎರಡು ಶಬ್ದ ತೆಗೆದೆ. ಜಾಗ ಸಾಲಲಿಲ್ಲ ಅಂತ ಹೇಳುವ ಆಸೆ ನನಗೂ ಇದೆ. ಜಾಗ ಬೇಕಾದಷ್ಟಿತ್ತು. ಅಷ್ಟೇ ಅಲ್ಲ — ಮೇಲೆ ‘ಮಟನ್ ಊಟ’, ಅದರ ಕೆಳಗೆ ‘ಖೀಮಾ ರೊಟ್ಟಿ’, ಅದರ ಕೆಳಗೆ ‘ಕಾಲು ಸೂಪು’, ಅದೇ ಕೆಂಪು ಬಣ್ಣದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ‘ನಾಯಿ ನಡೀತದ’. ಒಬ್ಬನೇ ಕೂತು ನಕ್ಕೆ. ಯಾರಾದರೂ ಗುರುತು ಹಿಡಿಯುತ್ತಾರೋ ಇಲ್ಲವೋ, ಹಿಡಿದರೆ ಏನಂದಾರು, ನೋಡೋಣ ಅನ್ನಿಸಿತು. ಇಷ್ಟು ದಿನ ಅದು ಬರೀ ಕುತೂಹಲ ಅಂತಲೇ ನಂಬಿಕೊಂಡಿದ್ದೆ. ಈಗ ಕೆದಕಿದರೆ ಅಡಿಯಲ್ಲಿ ಬೇರೆಯೇ ಸಿಗುತ್ತದೆ. ಆ ನಾಲ್ಕು ಟೇಬಲ್ಲಿನ ನಗು ನನಗೆ ನಾಟಿತ್ತು. ಅಕ್ಷರ ಬಾರದ ಹೆಂಗಸು ನನ್ನ ಮಾತನ್ನು ನಗೆಪಾಟಲು ಮಾಡಿದಳು ಅನ್ನುವ ಉರಿ — ಹೌದು, ಅದೇ.

ಬೋರ್ಡ್ ಕಟ್ಟಿದ ದಿನ ಮಾಳವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಓದಿ ಹೇಳಿರಿ ಅಂದಳು. ನಾನು ಅಕ್ಷರದ ಕೆಳಗೆ ಬೆರಳು ಆಡಿಸುತ್ತ ‘ನಾಯಿ ಜೋಡಿ ಬಂದ್ರ ನಡೀತದ’ ಅಂತ ಓದಿದೆ. ಇಲ್ಲದ ಎರಡು ಶಬ್ದಗಳನ್ನು ಓದುವಾಗ ಬೆರಳನ್ನು ತುಸು ನಿಧಾನ ಮಾಡಿದೆ. ಆಕೆ ತೃಪ್ತಿಯಿಂದ ತಲೆ ಆಡಿಸಿ ಒಲೆಯ ಕಡೆ ಹೋದಳು. ಅಲ್ಲಿಗೇ ನಿಂತಿದ್ದರೆ —

ನಿಲ್ಲಲಿಲ್ಲ. ಫೋಟೋ ತೆಗೆದು ಒಬ್ಬನೇ ಒಬ್ಬನಿಗೆ ಕಳಿಸಿದೆ. ಅವನು ನನ್ನ ಹಳೆಯ ಗೆಳೆಯ, ಹತ್ತಾರು ವಾಟ್ಸಾಪ್ ಗುಂಪುಗಳಲ್ಲಿ ಇರುವವ. ಅವನಿಗೆ ಕಳಿಸಿದರೆ ಊರಿಗೆ ಕಳಿಸಿದ ಹಾಗೆ ಅಂತ ಗೊತ್ತಿದ್ದೇ ಕಳಿಸಿದೆ. ಸಂಜೆಯ ಹೊತ್ತಿಗೆ ಅದು ಸೊಲ್ಲಾಪುರದ ನನ್ನ ಭಾವಮೈದುನನ ಫೋನಿನಿಂದ ನನಗೇ ತಿರುಗಿ ಬಂತು, ನಗುವ ಮುಖಗಳ ಜೊತೆ. ನನಗೆ ಹೆಮ್ಮೆಯಾಯಿತು. ಇದನ್ನೂ ಮುಚ್ಚಿಡುವುದಿಲ್ಲ, ಹೆಮ್ಮೆಯೇ ಆಯಿತು.

ಎರಡು ದಿನದ ಮೇಲೆ ಬಂದ ಫೋಟೋದ ಕೆಳಗೆ ನಗುವ ಮುಖಗಳಿರಲಿಲ್ಲ. ಎಚ್ಚರಿಕೆ, ಇಲ್ಲಿ ಮಟನ್ ಹೆಸರಲ್ಲಿ ಏನು ಹಾಕುತ್ತಾರೆ ನೋಡಿ, ಅದಕ್ಕೇ ಅಲ್ಲಿ ಅಷ್ಟು ನಾಯಿಗಳು ಅಂತ ಯಾರೋ ಸೇರಿಸಿದ್ದರು. ಬೋರ್ಡಿನಲ್ಲೇ ಬರೆದಿದೆಯಲ್ಲ ಅನ್ನುವುದು ಎಲ್ಲರ ಸಾಕ್ಷಿ. ವಾರದೊಳಗೆ ಎರಡು ಟೇಬಲ್ ಖಾಲಿಯಾದವು. ಪಮೇರಿಯನ್ ಸೈನಿಕರು ಬರುವುದು ಬಿಟ್ಟರು. ಒಂದು ಮಧ್ಯಾಹ್ನ ಐದಾರು ಜನ ಬಂದು ಅಡುಗೆಮನೆ ತೋರಿಸು ಅಂದರು. ಮಾಳವ್ವ ಅವತ್ತು ಕೊಯ್ದ ಕುರಿಮರಿಯ ತಲೆ, ಕಾಲು, ತೊಗಲು ತಂದು ಬಾಗಿಲ ಮುಂದೆ ಸಾಲಾಗಿ ಇಟ್ಟಳು. ನಾಯಿಗೆ ಹಾಕದೆ ಉಣ್ಣದವಳು, ತಾನು ನಾಯಿ ಕೊಯ್ಯುವುದಿಲ್ಲ ಅಂತ ತೋರಿಸಲು ನಿಂತಿದ್ದಳು. ನಾನು ಅಲ್ಲೇ ಇದ್ದೆ. ಬಾದಲ್ಲಿನ ಹಗ್ಗ ನನ್ನ ಕೈಯಲ್ಲಿತ್ತು.

ಬಂದವರಲ್ಲೊಬ್ಬ ಬೋರ್ಡನ್ನು ಗಟ್ಟಿಯಾಗಿ ಓದಿದ. ಆಗಲೇ ಮಾಳವ್ವನಿಗೆ ಅದರಲ್ಲಿ ನಿಜವಾಗಿ ಏನಿದೆ ಅಂತ ತಿಳಿದದ್ದು. ಆಕೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ ಮುಖದಲ್ಲಿ. ಕೇಳುವ ಹಾಗೆ ನೋಡಿದಳು, ಅಷ್ಟೇ. ಎಲ್ಲರೂ ನನ್ನನ್ನೇ ನೋಡಿದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ ಮಾತು ಬೇರೆ:

“ನೀವು ಹೇಳಿದಂಗ ಬರದೀನ್ರಿ ಅಕ್ಕಾರ.”

ಆಕೆ ತಲೆ ಎತ್ತಿ ಬೋರ್ಡ್ ನೋಡಿದಳು. ಆಮೇಲೆ, ಹಾಗಾದರೆ ನಾನೇ ತಪ್ಪಿ ಹೇಳಿರಬೇಕು ಅಂದಳು. ಓದಿ ತೋರಿಸಿದ್ದನ್ನು ನೆನಪಿಸಲಿಲ್ಲ. ಅಕ್ಷರ ಬಲ್ಲವನ ಮುಂದೆ ತನ್ನ ಕಿವಿಯನ್ನೂ ನಂಬಲಿಲ್ಲ ಅಂತ ಈಗ ಅನ್ನಿಸುತ್ತದೆ. ಬೋರ್ಡ್ ಬಿಚ್ಚಿಸಿದಳು. ಹೊಸದು ಪುಕ್ಕಟೆ ಮಾಡಿಕೊಡುತ್ತೇನೆ ಅಂದೆ, ಬೇಡ ಅಂದಳು. ಮುಂದಿನ ಯುಗಾದಿಯೊಳಗೆ ಖಾನಾವಳಿ ಮುಚ್ಚಿ ಬಿಜ್ಜರಗಿಗೆ ತಮ್ಮನ ಮನೆಗೆ ಹೋದಳು. ಶೆಡ್ಡಿನಲ್ಲಿ ಈಗ ಹಿಟ್ಟಿನ ಗಿರಣಿ ಇದೆ. ಅದರ ಬೋರ್ಡೂ ನಾನೇ ಬರೆದದ್ದು.

ಕಳೆದ ತಿಂಗಳು ಬಾದಲ್ಲನ್ನು ಕರೆದುಕೊಂಡು ಬಿಜ್ಜರಗಿಗೆ ಹೋಗಿದ್ದೆ. ಆ ಕಡೆ ಒಂದು ಬೋರ್ಡ್ ಕಟ್ಟುವುದಿತ್ತು, ಅದು ನೆಪ. ಆಕೆ ಹೇಗಿದ್ದಾಳೆ ನೋಡಬೇಕು, ಇನ್ನೂ ನಾಯಿಗಳಿಗೆ ಹಾಕುತ್ತಾಳೋ ಇಲ್ಲವೋ ತಿಳಿಯಬೇಕು ಅನ್ನುವುದು ನಿಜ. ಹಾಕುತ್ತಾಳೆ. ಬಾದಲ್ಲಿಗೆ ಮೊದಲು, ನನಗೆ ಆಮೇಲೆ. ನನ್ನ ಮಗಳು, ಹೆಂಡತಿ, ಅಂಗಡಿ ಎಲ್ಲವನ್ನೂ ವಿಚಾರಿಸಿದಳು. ಅಷ್ಟರಲ್ಲಿ ಆಕೆಯ ತಮ್ಮ ಫೋನ್ ಹಿಡಿದುಕೊಂಡು ಬಂದ; ಆ ಕಡೆ ಕುರಿಮರಿ ಕೊಳ್ಳುವವನೊಬ್ಬ ಮಾತಿಗಿದ್ದ, ದರ ನೀನೇ ಹೇಳಿಬಿಡು ಅಕ್ಕ ಅಂತ ಆಕೆಯ ಕೈಗೆ ಕೊಡಲು ಹೋದ. ನಾಲ್ಕು ಟೇಬಲ್ಲನ್ನು ಒಂದೇ ಮಾತಿಗೆ ನಗಿಸಿದ ಹೆಂಗಸು ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು.

“ನೀನ ಮಾತಾಡೋ ಯಪ್ಪಾ. ನಾ ಒಂದ್ ಹೇಳಿದ್ರ ಒಂದ್ ಆಗ್ತದ.” ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. “ಅಣ್ಣಾರಿಗೆ ಗೊತ್ತದಲ್ರಿ, ನನ್ನ ಬಾಯಿ ಎಂಥಾದ್ದು ಅಂತ.”

ನಾನು ತಲೆ ಆಡಿಸಿದೆ.

ಹೌದು ಅಂತ ತಲೆ ಆಡಿಸಿದೆ. ಆಕೆಯ ಖಾನಾವಳಿ ಹೋಯಿತು ಅಂತ ಇಷ್ಟು ವರ್ಷ ಒಳಗೊಳಗೇ ಮರುಗುತ್ತಿದ್ದೆ. ಖಾನಾವಳಿಗಿಂತ ದೊಡ್ಡದನ್ನು ಕಿತ್ತುಕೊಂಡಿದ್ದೇನೆ ಅಂತ ಆ ಕ್ಷಣಕ್ಕೆ ತಿಳಿಯಿತು. ತಾನಾಡುವ ಮಾತಿನ ಮೇಲೆ ಆಕೆಗಿದ್ದ ಭರವಸೆಯನ್ನೇ ತೆಗೆದುಬಿಟ್ಟಿದ್ದೇನೆ. ಮನೆಯಲ್ಲಿ ಯಾರ ಮದುವೆ ಮಾತಿಗೂ ಅಕ್ಕ ಬಾಯಿ ಹಾಕುವುದಿಲ್ಲ, ಎಲ್ಲ ನನ್ನ ಮೇಲೇ ಬಿಡುತ್ತಾಳೆ ಅಂತ ತಮ್ಮ ಹೇಳಿದ. ಅವನು ಅದನ್ನು ಆಕೆಯ ಒಳ್ಳೆಯ ಗುಣ ಅಂತ ತಿಳಿದಿದ್ದಾನೆ.

ಇಷ್ಟನ್ನೂ ಬರೆದಾದ ಮೇಲೆ ಒಂದು ಹೊಳೆಯುತ್ತದೆ. ಆಕೆಗೆ ಓದಲು ಬರುವುದಿಲ್ಲ. ಆಕೆಗೆ ತಲುಪದ ಕಡೆಯೇ ಆಕೆಯ ಕ್ಷಮೆ ಕೇಳುತ್ತಿದ್ದೇನೆ — ಇದೂ ನನ್ನ ಶಾಣ್ಯಾತನವೇ. ನೀವು ಓದಿ ನನ್ನನ್ನು ಏನಂದರೂ, ಅಥವಾ ಪಾಪ ಅಂದರೂ, ಅದರಿಂದ ಮಾಳವ್ವನಿಗೆ ಏನೂ ಆಗುವುದಿಲ್ಲ.

ಬರುವ ಭಾನುವಾರ ಹೋಗುತ್ತೇನೆ. ಹೆಂಡತಿಗೆ ಶನಿವಾರವೇ ಹೇಳಬೇಕು, ಆಕೆಯೂ ಬರಲಿ. ಮಾಳವ್ವನ ತಮ್ಮ ಇರಬೇಕು, ಅಕ್ಕಪಕ್ಕದ ಮನೆಯವರು ಇದ್ದರೆ ಅವರೂ ಕೂಡಲಿ. ನಾನು ಸುಳ್ಳು ಹೇಳಿದ್ದು ಮಂದಿಯ ಮುಂದೆ. ಮಾಳವ್ವ ಬೈಯುತ್ತಾಳೋ, ಅಳುತ್ತಾಳೋ, ಎದ್ದು ಒಳಗೆ ಹೋಗುತ್ತಾಳೋ ಅಂತ ಈಗಲೂ ಮನಸ್ಸು ಕೆದಕುತ್ತದೆ. ಅದನ್ನು ತಿಳಿಯಲೆಂದು ಹೋಗುವುದಲ್ಲ. ಕ್ಷಮಿಸಿ ಅನ್ನುವ ಮೊದಲು ಆಕೆಗೆ ಹೇಳಬೇಕಾದ ಮಾತೊಂದಿದೆ. ಅದನ್ನೇ ಮೊದಲು ಹೇಳುತ್ತೇನೆ: “ಅಕ್ಕಾರ, ಅವತ್ತ ನೀವು ಹೇಳಿದ್ದು ಸರೀನ ಇತ್ರಿ.”