ಗಾಳಿಯಲ್ಲಿ ತೇಲಿದ ‘ಊಟ ಆಯ್ತಾ’

ದಿಲ್ಲಿಯ ಸರೋಜಿನಿ ನಗರದ ಆ ಕ್ವಾರ್ಟರ್ಸ್‌ನಲ್ಲಿ ನಮ್ಮದು ಅನ್ನುವಂಥದ್ದು ಬಹಳ ಕಡಿಮೆ ಇತ್ತು. ಗೋಡೆ ಸರ್ಕಾರದ್ದು, ಫ್ಯಾನು ಸರ್ಕಾರದ್ದು, ಫ್ಯಾನಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರೂ ಸರ್ಕಾರದ್ದೇ. ಬಾಗಿಲ ಪಕ್ಕದ ಹಲಗೆಯಲ್ಲಿ ನಮ್ಮ ಯಜಮಾನರ ಹುದ್ದೆ ದೊಡ್ಡದಾಗಿ, ಹೆಸರು ಚಿಕ್ಕದಾಗಿ ಇತ್ತು. ನನ್ನ ಹೆಸರು ಇರಲೇ ಇಲ್ಲ. ಕ್ಯಾಲೆಂಡರ್ ತೂಗುಹಾಕಲು ನಾನೊಂದು ಮೊಳೆ ಹೊಡೆದರೆ ಇವರು ಒಳಗಿನಿಂದ ಓಡಿಬಂದು, “ಮನೆ ಬಿಡುವಾಗ ಇದಕ್ಕೆಲ್ಲ ಉತ್ತರ ಕೊಡಬೇಕಾಗುತ್ತೆ ಕಣೇ” ಅನ್ನುತ್ತಿದ್ದರು. ಮನೆಯನ್ನು ಒಂದು ಫೈಲಿನ ಹಾಗೆ ಜೋಪಾನ ಮಾಡುವ ಗಂಡ ನನಗೆ ಸಿಕ್ಕಿದ್ದರು.

ಆ ಮನೆಗೆ ಇಂಟರ್ನೆಟ್ ಬಂದಾಗ ಅದರ ಡಬ್ಬಿಯೂ ಕಂಪನಿಯದ್ದೇ ಆಯಿತು. ಮುಂದಿನ ಕೋಣೆಯ ಟಿವಿ ಪಕ್ಕದಲ್ಲಿ ಅದು ಹಸಿರು ದೀಪ ಮಿಟುಕಿಸುತ್ತ ಕೂತಿತು. ವೈಫೈ ಕೊಡುತ್ತಿತ್ತು, ಇಲ್ಲವೆನ್ನಲಾರೆ. ಆದರೆ ಕೊಡುವುದರಲ್ಲೂ ಜಿಪುಣತನ. ಹಿಂದಿನ ವರಾಂಡಕ್ಕೆ ಅದು ತಲುಪುತ್ತಲೇ ಇರಲಿಲ್ಲ. ನನ್ನ ಲೋಕವೆಲ್ಲ ಇದ್ದದ್ದು ಅಲ್ಲೇ. ಅಲ್ಲಿ ಒಂದು ನೇರಳೆ ಮರವಿತ್ತು. ಚಳಿಗಾಲದ ಮಧ್ಯಾಹ್ನ ಅದರ ಎಲೆಗಳ ಸಂದಿಯಿಂದ ಬಿಸಿಲು ಜಾರಿ ಬಂದು ನನ್ನ ಮಡಿಲಲ್ಲಿ ಕೂರುತ್ತಿತ್ತು. ದೂರದ ಮಾರ್ಕೆಟ್ಟಿನಲ್ಲಿ ಬಟ್ಟೆ ಮಾರುವವರ ಕೂಗು ಮಂಜಿನೊಳಗೆ ನೆನೆದು ಮೆತ್ತಗಾಗಿ, ಯಾರೋ ನಿದ್ದೆಯಲ್ಲಿ ಹಾಡಿದ ಹಾಗೆ ಕೇಳುತ್ತಿತ್ತು. ಇವರ ಹಳೆಯ ಲ್ಯಾಪ್‌ಟಾಪ್ ಹಿಡಿದು ನಾನು ಅಲ್ಲಿ ಕನ್ನಡ ಪತ್ರಿಕೆ ಓದಲು ಕೂತರೆ ತಲೆಬರಹ ಬರುತ್ತಿತ್ತು, ಸುದ್ದಿ ಬರುತ್ತಿರಲಿಲ್ಲ. ಮೈಸೂರಿನಿಂದ ಅಕ್ಕ ಕಳಿಸಿದ ಅವಳ ಮೊಮ್ಮಗುವಿನ ಫೋಟೋ ಹಣೆಯಿಂದ ಮೂಗಿನವರೆಗೆ ಇಳಿದು ನಿಂತುಬಿಟ್ಟಿತ್ತು. ಆ ಮಗು ನಗುತ್ತಿದೆಯೋ ಅಳುತ್ತಿದೆಯೋ ಎಂದು ನಾನು ಬಹಳ ಹೊತ್ತು ಯೋಚಿಸುತ್ತ ಕೂತಿದ್ದೆ.

ವೈಫೈಗೆ ಕಂಪನಿ ಇಟ್ಟಿದ್ದ ಹೆಸರು ಲಾಟರಿ ಟಿಕೆಟ್ಟಿನ ಹಾಗಿತ್ತು, ಬರೀ ಅಕ್ಷರ, ಅಂಕಿ. ರಿಪೇರಿಗೆ ಬಂದವನನ್ನು ಕೇಳಿದೆ, “ಭಯ್ಯಾ, ಈ ಹೆಸರು ಬದಲಾಯಿಸಬಹುದಾ?” ಎಂದು, ನನ್ನ ಮುರುಕು ಹಿಂದಿಯಲ್ಲಿ.

“ನಹೀಂ ಮೇಡಂ, ಅಂದರ್ ಸೇ ಲಾಕ್ ಹೈ,” ಅಂದ. ನಮ್ಮ ಮನೆಯೊಳಗಿನ ಡಬ್ಬಿ, ಬೀಗ ಮಾತ್ರ ಅವರದ್ದು. ನನಗೆ ರೇಗಿಹೋಯಿತು.

ಇಲ್ಲಿ ನನ್ನ ಮಗಳ ವಿಷಯ ಹೇಳಬೇಕು. ಆಗ ಒಂಬತ್ತನೇ ಕ್ಲಾಸು. ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಹೇಳಿದ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಬೈಗುಳ ಸಮೇತ. ಉತ್ತರ ಮಾತ್ರ ಹಿಂದಿಯಲ್ಲಿ. ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಸ್ಕೂಲಿನಲ್ಲಿ ಯಾರೋ ಅವಳ ಮಾತನ್ನು ಅಣಕಿಸಿ ನಕ್ಕರಂತೆ, ಅಂದಿನಿಂದ ಬಾಯಿ ಮುಚ್ಚಿಕೊಂಡಿತು. ಹಿಂದಿಯ ಮೇಲೆ ನನಗೇನೂ ಕೋಪವಿಲ್ಲ. ನನ್ನನ್ನು ಚುಚ್ಚುತ್ತಿದ್ದದ್ದು ಆ ‘ಆಪ್’. ಮರ್ಯಾದೆಯ ಮಾತು, ಒಳ್ಳೆಯದೇ. ಆದರೆ ನಾನು ನನ್ನ ಅಮ್ಮನನ್ನು ‘ನೀನು’ ಅಂದೇ ಬೆಳೆದವಳು. ಜಗಳವಾಡಿದ್ದೂ ‘ನೀನು’ ಅಂತಲೇ, ತಬ್ಬಿ ಅತ್ತದ್ದೂ ‘ನೀನು’ ಅಂತಲೇ. ಮಗಳು ‘ಆಪ್’ ಅಂದಾಗಲೆಲ್ಲ ನನ್ನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ ತಾನು ದೂರ ನಿಂತ ಹಾಗೆ ಅನ್ನಿಸುತ್ತಿತ್ತು. ಹೀಗೇ ಇವಳು ದೊಡ್ಡವಳಾಗಿಬಿಟ್ಟರೆ ನನ್ನ ಮಗಳ ಬಾಳಿನಲ್ಲಿ ನಾನು ಕೊನೆಯವರೆಗೂ ನೆಂಟಳಾಗಿಯೇ ಉಳಿಯುತ್ತೇನಲ್ಲ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಇವರ ಹತ್ತಿರ ಹೇಳಿದರೆ, “ಮಾರ್ಕ್ಸ್ ಚೆನ್ನಾಗಿ ಬರ್ತಿದೆಯಲ್ಲ, ಬಿಡು,” ಅಂದರು.

ನಮ್ಮದೇ ರೂಟರ್ ತರೋಣ ಎಂದು ಮೊದಲು ಹೇಳಿದವಳು ಅವಳೇ. ಕಂಪನಿಯ ಡಬ್ಬಿ ತಂತಿಯ ಕೆಲಸ ನೋಡಿಕೊಳ್ಳಲಿ, ವೈಫೈ ನಮ್ಮ ರೂಟರಿನಿಂದ ಬರಲಿ, ಎಲ್ಲಿ ಬೇಕೋ ಅಲ್ಲಿಡಬಹುದು ಎಂದು ಹಿಂದಿಯಲ್ಲಿ ವಿವರಿಸಿದಳು. ಇವರಿಗೆ ಎದೆ ಝಲ್ಲೆಂದಿತು. “ಕಂಪನಿ ವಸ್ತುವಿಗೆ ನಮ್ಮದೊಂದನ್ನ ತಗುಲಿಸೋಕೆ ಪರ್ಮಿಷನ್ ಬೇಡವಾ?” ಅಂದರು. ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಹಾಗೆ ಜೊತೆಯಾಗಿ ನಕ್ಕು ಬಹಳ ದಿನವಾಗಿತ್ತು.

ಕಂಪ್ಯೂಟರ್ ಅಂಗಡಿಗಳ ನೆಹರೂ ಪ್ಲೇಸಿಗೆ ಹೋಗಿ ತಂದೆವು. ಎರಡು ಕಿವಿ ನೆಟ್ಟಗೆ ಮಾಡಿಕೊಂಡ ಮೊಲದಂಥದ್ದು. ಆಟೋದಲ್ಲಿ ಅದರ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನನಗೆ ಏನೋ ಸಂಭ್ರಮ. ಈ ಊರಿನಲ್ಲಿ ಸರ್ಕಾರದ ನಂಬರ್ ಇಲ್ಲದ ವಸ್ತುವೊಂದು ನಮ್ಮ ಮನೆಗೆ ಬರುತ್ತಿತ್ತು.

ಭಾನುವಾರ ಮಧ್ಯಾಹ್ನ ಮಗಳು ಅದನ್ನು ವರಾಂಡದ ಬಾಗಿಲ ಮೇಲಿನ ಹಲಗೆಯಲ್ಲಿಟ್ಟು, ಉದ್ದನೆಯ ತಂತಿ ಎಳೆದು, ಲ್ಯಾಪ್‌ಟಾಪ್ ಮುಂದೆ ಕೂತಳು. ನಾನು ಅಡುಗೆಮನೆಯಲ್ಲಿ ಅಕ್ಕನಿಗೆ ಫೋನು ಹಚ್ಚಿದ್ದೆ. “ಮಮ್ಮಾ, ನಾಮ್ ಕ್ಯಾ ರಖೂಂ?”, ಹೆಸರೇನಿಡಲಿ ಎಂದು ಅವಳು ಕೂಗಿದ್ದಕ್ಕೂ, ಅತ್ತ ಅಕ್ಕ ಫೋನೆತ್ತಿದ್ದಕ್ಕೂ ಸರಿಹೋಯಿತು. ನಾನು ರೂಢಿಯಂತೆ ಗಟ್ಟಿಯಾಗಿ ಕೇಳಿದೆ, “ಊಟ ಆಯ್ತಾ?”

ಫೋನಿಟ್ಟು ಬಂದು ನೋಡಿದರೆ ನಮ್ಮ ವೈಫೈನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ‘ಊಟ ಆಯ್ತಾ’ ಎಂದಾಗಿತ್ತು.

“ಏನೇ ಇದು!”

“ಆಪ್ನೇ ಹೀ ತೋ ಬೋಲಾ,” ನೀವೇ ತಾನೇ ಹೇಳಿದ್ದು ಅಂದಳು, ಕಣ್ಣಲ್ಲಿ ತುಂಟತನ ತುಂಬಿಕೊಂಡು.

“ಸರಿ, ಪಾಸ್‌ವರ್ಡ್ ಏನಿಟ್ಟೆ?”

ಅದನ್ನು ಹೇಳಲಿಲ್ಲ. ಗೆಸ್ ಮಾಡಿ ಅಂದಳು. ಲ್ಯಾಪ್‌ಟಾಪಿಗೆ ತಾನೇ ಒಂದು ಸಲ ಹಾಕಿಕೊಟ್ಟಿದ್ದರಿಂದ ನನ್ನ ಕೆಲಸಕ್ಕೇನೂ ತೊಂದರೆಯಿರಲಿಲ್ಲ. ಆದರೂ ಕುತೂಹಲ ಬಿಡಬೇಕಲ್ಲ. ಅವಳ ಹುಟ್ಟಿದ ದಿನ ಹೇಳಿದೆ, ಅವಳಿಗಿಷ್ಟದ ಹೀರೋಗಳ ಹೆಸರು ಹೇಳಿದೆ, ಗೆಳತಿಯರ ಹೆಸರು ಹೇಳಿದೆ. ಎಲ್ಲಕ್ಕೂ ತಲೆಯಾಡಿಸಿ ನಗುತ್ತಿದ್ದಳು. ಆಮೇಲೆ ನಾನು ಬಿಟ್ಟುಬಿಟ್ಟೆ.

ಆ ಚಳಿಗಾಲವೆಲ್ಲ ನನಗೆ ಒಂದು ಕನಸಿನಂತೆ ನೆನಪಿದೆ. ವರಾಂಡದಲ್ಲಿ ಕೂತರೆ ಪತ್ರಿಕೆ ಪೂರ್ತಿ ತೆರೆಯುತ್ತಿತ್ತು; ಅಕ್ಕನ ಮೊಮ್ಮಗುವಿಗೆ ಬಾಯಿ ಬಂದಿತ್ತು, ಅದು ನಗುತ್ತಿತ್ತು. ಆದರೆ ಓದುವುದನ್ನು ಬಿಟ್ಟು ನಾನು ಸುಮ್ಮನೆ ಮೇಲೆ ನೋಡುತ್ತಿದ್ದೆ. ನಮ್ಮ ಪ್ರಶ್ನೆ ಈಗ ಗಾಳಿಯಲ್ಲಿದೆಯಲ್ಲ ಎನ್ನಿಸುತ್ತಿತ್ತು. ನೇರಳೆ ಮರ ದಾಟಿ, ಒಣಗಿದ ಬೆಡ್‌ಶೀಟುಗಳ ನಡುವೆ ನುಸುಳಿ, ಎದುರಿನ ಬ್ಲಾಕಿನ ಕಿಟಕಿ ಕಿಟಕಿಗೂ ಹೋಗಿ ಅದು ಕೇಳುತ್ತಿದೆ, ಊಟ ಆಯ್ತಾ, ಊಟ ಆಯ್ತಾ. ಯಾರಿಗೂ ಅರ್ಥವಾಗದಿದ್ದರೂ ಬೇಸರವಿಲ್ಲದೆ ಕೇಳುತ್ತಲೇ ಇದೆ. ನಾನೂ ಹಾಗೆಯೇ ಮಗಳನ್ನು ದಿನಾ ಕೇಳುತ್ತಿದ್ದೆ. ಅವಳು “ಖಾ ಲಿಯಾ ಮಮ್ಮಾ. ಆಪ್ನೇ?”, ತಿಂದೆ, ನೀವು? ಅಂದು ತನ್ನ ಕೋಣೆಗೆ ಹೋಗುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಎತ್ತರದ, ನೆಟ್ಟಗೆ ನಿಂತ ವೃದ್ಧರೊಬ್ಬರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಒಂದು ಪೊಟ್ಟಣ.

“ಊಟ ಆಯ್ತಾ ಅನ್ನೋ ಮನೆ ಇದೇನಾ ಅಮ್ಮಾ?” ಎಂದು ಕನ್ನಡದಲ್ಲಿ ಕೇಳಿದರು.

ನಾನು ಬೆಪ್ಪಾಗಿ ಹೌದು ಎಂದೆ. ಕೂತ ಮೇಲೆ ಹೇಳಿದರು. ಕೊಡಗಿನವರು, ಫೌಜಿನಿಂದ ರಿಟೈರಾದವರು. ಹಿಂದಿನ ಬ್ಲಾಕಿನಲ್ಲಿರುವ ಮಗನ ಮನೆಗೆ ಚಳಿಗಾಲ ಕಳೆಯಲು ಬಂದಿದ್ದರು. ಅವರ ಮನೆಯ ಕಂಪನಿ ಡಬ್ಬಿ ಕೆಟ್ಟು ಕೂತಿತ್ತು. ಮಗ ಸೊಸೆ ಆಫೀಸಿಗೆ ಹೋದ ಮೇಲೆ ಕಂಪ್ಯೂಟರಿನಲ್ಲಿ ಸುತ್ತಮುತ್ತಲಿನ ವೈಫೈ ಹೆಸರುಗಳ ಸಾಲು ನೋಡುತ್ತಿದ್ದಾಗ ನಮ್ಮದು ಕಾಣಿಸಿತಂತೆ.

“ನನ್ನ ಕಣ್ಣೇ ನಂಬೋಕಾಗ್ಲಿಲ್ಲಮ್ಮಾ. ಕನ್ನಡಕ ಒರೆಸ್ಕೊಂಡು ನೋಡ್ದೆ,” ಅಂದರು. “ಅದು ಪಾಸ್‌ವರ್ಡ್ ಕೇಳ್ತು. ನಮ್ಮ ಫೌಜಲ್ಲಿ ಪಹರೆಯವನು ಕತ್ತಲಲ್ಲಿ ಒಂದು ಮಾತು ಕೇಳ್ತಾನೆ, ಅದಕ್ಕೆ ಸರಿಯಾದ ಮಾತು ಹೇಳಿದ್ರೆ ಒಳಗೆ ಬಿಡ್ತಾನೆ. ಊಟ ಆಯ್ತಾ ಅಂತ ಕೇಳಿದ್ರೆ ನಾವೇನು ಹೇಳ್ತೀವಿ? ಅದನ್ನೇ ಹಾಕ್ದೆ. ‘ಆಯ್ತು, ನಿಮ್ದು?’ ಅಂತ.”

ನಾನು ನೀರಿನ ಲೋಟ ಅವರ ಮುಂದಿಟ್ಟೆ.

“ಕಾಗುಣಿತ ಎಷ್ಟು ಬದಲಾಯಿಸಿದ್ರೂ ತೆಗೀಲಿಲ್ಲ. ಆಮೇಲೆ ಹೊಳೀತು ನೋಡಿ. ‘ನಿಮ್ದು’ ಬಿಟ್ಟು ‘ನಿಂದು’ ಅಂತ ಹಾಕ್ದೆ. ಆಯ್ತು, ನಿಂದು. ತೆಗೀತು!” ಅವರು ಮೀಸೆಯಡಿ ನಕ್ಕರು. “ಓಹೋ, ಇದು ದೊಡ್ಡೋರು ಇಟ್ಟಿದ್ದಲ್ಲ, ಅಮ್ಮನಿಗೆ ಮಗು ಹೇಳಿದ್ದು ಅಂದ್ಕೊಂಡೆ. ಕೇಳದೆ ಒಳಗೆ ಬಂದಿದ್ದು ತಪ್ಪು, ಅದಕ್ಕೇ ಹೇಳಿ ಹೋಗೋಣ ಅಂತ. ಮನೆ ಹುಡುಕೋದೇನೂ ಕಷ್ಟ ಆಗ್ಲಿಲ್ಲ. ತರಕಾರಿ ಭಯ್ಯಾನ್ನ ಕೇಳ್ದೆ, ಕರಿಬೇವು ಜಾಸ್ತಿ ತಗೊಳ್ಳೋ ಮನೆ ಯಾವುದು ಅಂತ.”

ಅವರು ಕಾಫಿ ಪುಡಿಯ ಪೊಟ್ಟಣ ಕೊಟ್ಟು, ಅದರಿಂದಲೇ ಮಾಡಿದ ಕಾಫಿ ಕುಡಿದು, ಊರಿನ ಮಾತಾಡಿ ಹೋದರು. ನನ್ನ ತಲೆಯಲ್ಲಿ ಆ ಒಂದೇ ಪದ ಸುಳಿಯುತ್ತಿತ್ತು. ನಿಂದು. ಹುಟ್ಟಿದ ದಿನ, ಹಿಂದಿ ಹೀರೋ, ಗೆಳತಿಯರು, ಎಲ್ಲ ಕಡೆ ಹುಡುಕಿದವಳು ನಾನು, ಕನ್ನಡದಲ್ಲಿ ಹುಡುಕಲೇ ಇಲ್ಲ. ಬಾಗಿಲ ಮೇಲೆ ಎರಡು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ ಆ ಮೊಲದ ಹೊಟ್ಟೆಯಲ್ಲಿ ಅದು ಅಷ್ಟು ದಿನವೂ ಬೆಚ್ಚಗೆ ಇತ್ತು. ಬಿಸಿಲಲ್ಲಿ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು.

ಮಗಳು ಸ್ಕೂಲಿನಿಂದ ಬಂದಳು. ನಾನು ಮುಚ್ಚಿಟ್ಟಿದ್ದ ಊಟ ಬಡಿಸಿಕೊಂಡು ತಿಂದಳು. ಕೈ ತೊಳೆದು ವರಾಂಡಕ್ಕೆ ಬಂದಾಗ ನಾನು ಎಂದಿನಂತೆ ಕೇಳಿದೆ.

“ಊಟ ಆಯ್ತಾ?”

“ಖಾ ಲಿಯಾ ಮಮ್ಮಾ. ಆಪ್ನೇ?”

ಆಗ ಕೇಳಿಸಿತು. ಅವಳು ದಿನಾ ಹೇಳುತ್ತಿದ್ದದ್ದು ಅದೇ ಉತ್ತರ, ಪದ ಬೇರೆ ಅಷ್ಟೆ.

“ನಂದೂ ಆಯ್ತು ಕಣೇ,” ಅಂದೆ, ‘ನಂದೂ’ ಎಂಬುದನ್ನು ನಿಧಾನವಾಗಿ ಒತ್ತಿ.

ಒಳಗೆ ಹೊರಟವಳು ನಿಂತಳು. ಬಾಗಿಲ ಮೇಲಿದ್ದ ರೂಟರನ್ನು ಒಮ್ಮೆ ನೋಡಿದಳು, ನನ್ನ ಕಣ್ಣನ್ನು ಒಮ್ಮೆ ನೋಡಿದಳು. ಕೆನ್ನೆ ಕೆಂಪಾಯಿತು. ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆಯಲ್ಲಿ ಪರದೆ ಸರಿಸಿದಾಗ ಸಿಕ್ಕಿಬೀಳುತ್ತಿದ್ದಳಲ್ಲ, ಅದೇ ಮುಖ.

“ನಿಂಗೆ ಗೊತ್ತಾಗೋಯ್ತಾ, ಅಮ್ಮಾ?” ಅಂದಳು.